ಕಿವಿ ಮಿಸ್ತ್ರಿಯೂ ಉಸಿರು ಕಟ್ಟಿದ ಗಾಡಿಯೂ

ಕಾಗವಾಡದಲ್ಲಿ ಮಿರಜದ ರಸ್ತೆಯೂ ಅಥಣಿಯ ರಸ್ತೆಯೂ ಕೂಡುವಲ್ಲಿ, ಜಕ್ಕಪ್ಪನ ಚಹಾದಂಗಡಿಗೆ ಹೆಗಲು ಕೊಟ್ಟು ನಿಂತ ಒಂದು ತಗಡಿನ ಶೆಡ್ಡು ಇದೆ. ಅದಕ್ಕೆ ಬೋರ್ಡಿಲ್ಲ. ಯಾಕಿಲ್ಲವೆಂದು ಕೇಳಿದವರಿಗೆ ಅದರ ಒಡೆಯ ಗುಡುಸಾಬ, “ಬಾವಿಗಿ ಯಾರರೆ ಬೋರ್ಡ ಬರಸ್ತಾರೇನ್ರಿ? ನೀರಡಿಕಿ ಆದಾವ ತಾನ ಹುಡಿಕ್ಕೊಂತ ಬರ್ತಾನ” ಎನ್ನುತ್ತಾನೆ.

ಗುಡುಸಾಬ ಅರವತ್ತಾರು ದಾಟಿದ ಮೋಟರ್‌ಸೈಕಲ್ ಮಿಸ್ತ್ರಿ. ಮೈ ಒಣಗಿದ ಜೋಳದ ದಂಟು. ಕಿವಿ ಮಾತ್ರ ಮೊರದಗಲ. ದೇವರು ಮೈಗೆಂದು ಕಲಸಿಟ್ಟ ಮಣ್ಣಿನಲ್ಲಿ ಮುಕ್ಕಾಲು ಪಾಲನ್ನು ಕಿವಿಗೇ ಮೆತ್ತಿ, ಉಳಿದದ್ದರಲ್ಲಿ ಮನುಷ್ಯನನ್ನು ಮಾಡಿ ಮುಗಿಸಿದ ಹಾಗೆ ಕಾಣುತ್ತಾನೆ. ಆ ಕಿವಿಗಳಿಂದಲೇ ಅವನಿಗೆ ರೊಟ್ಟಿ, ಆ ಕಿವಿಗಳಿಂದಲೇ ಹೆಸರು. ಸುತ್ತಲ ಹತ್ತು ಹಳ್ಳಿಗೆ ಅವನು ‘ಕಿವಿ ಮಿಸ್ತ್ರಿ’.

ಈ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ಕೃಷ್ಣೆಯ ದಂಡೆಯಲ್ಲಿ, ಕಬ್ಬಿಗೆ ನೀರೆತ್ತುವ ಡೀಸೆಲ್ ಇಂಜಿನ್ನು ಕಾಯುವ ಚಾಕರಿಗೆ ನಿಂತ. ಇಂಜಿನ್ನು ಓಡುತ್ತಿದ್ದರೆ ಮಲಗಬಹುದು. ನಿಂತರೆ ಒಡೆಯನ ಬೈಗುಳ. ಹೀಗಾಗಿ ಕಣ್ಣು ಮುಚ್ಚಿಕೊಂಡೇ ಇಂಜಿನ್ನಿನ ಸುಖದುಃಖ ಕೇಳುವುದು ರೂಢಿಯಾಯಿತು. ಅದು ಕೆಮ್ಮಿದರೆ ಇವನಿಗೆ ಎಚ್ಚರ, ಅದು ಸೀನಿದರೆ ಇವನ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ನಿದ್ದೆಯ ಆಸೆಗೆ ಕಲಿತ ವಿದ್ಯೆ ಎಂದು ತಾನೇ ಹೇಳಿಕೊಂಡು ನಗುತ್ತಾನೆ. ಬೇರೆಯವರು ನಕ್ಕರೆ ಮಾತ್ರ ಸೇರುವುದಿಲ್ಲ.

ಶೆಡ್ಡಿಗೆ ಗಾಡಿ ಬಂದರೆ ಅವನದೊಂದು ಶಾಸ್ತ್ರವಿದೆ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಅತ್ತರಿನ ಬಾಟಲಿ ಮೂಸಿದಂತೆ ಪೆಟ್ರೋಲನ್ನು ಒಂದು ಸಲ ಮೂಸುತ್ತಾನೆ. ಸೀಮೆಎಣ್ಣೆ ಬೆರೆತಿದೆಯೋ, ತಿಂಗಳುಗಟ್ಟಲೆ ನಿಂತು ಹಳಸಿದೆಯೋ ಎಂಬುದು ಮೂಗಿಗೆ ತಿಳಿಯಬೇಕು. ಆಮೇಲೆ ಮುಚ್ಚಳ ಬಿಗಿದು, “ಒದೀರಿ” ಎನ್ನುತ್ತಾನೆ. ಗಿರಾಕಿ ಕಿಕ್ ಒದ್ದು ಚಾಲೂ ಮಾಡಿದರೆ ಇವನು ಗೋಡೆಗೆ ಮುಖ ಮಾಡಿ ನಿಂತು ಕೇಳುತ್ತಾನೆ. ಕೇಳಿ, ತಿರುಗಿ ನೋಡದೆ ತೀರ್ಪು ಕೊಡುತ್ತಾನೆ. “ಪ್ಲಗ್ಗ ಕರ್ರಗಾಗೈತಿ.” “ಚೈನ ಜೋತ ಬಿದ್ದೈತಿ.” ಒಮ್ಮೆ ಒಬ್ಬರಿಗೆ, “ನಿಮ್ಮ ಅಳ್ಯಾ ಒಯ್ದಿದ್ನೇನ್ರಿ? ಊರ ತುಂಬ ಎರಡನೇ ಗೇರಿನಾಗ ಎಳದಾನ” ಎಂದುಬಿಟ್ಟ. ಅದು ನಿಜವಾಗಿ, ಆ ಮನೆಯಲ್ಲಿ ಮಾವ ಅಳಿಯ ಎರಡು ತಿಂಗಳು ಮಾತು ಬಿಟ್ಟಿದ್ದರು. ಇಂಥವು ಹತ್ತರಲ್ಲಿ ಒಂಬತ್ತು ಖರೆ ಆಗುತ್ತಿದ್ದವು. ಹತ್ತನೆಯದನ್ನು ಊರು ಮರೆಯುತ್ತಿತ್ತು. ಊರಿಗಿಂತ ಮೊದಲು ಅವನು ಮರೆಯುತ್ತಿದ್ದ. ಈಗಿನ ಬ್ಯಾಟರಿ ಸ್ಕೂಟರ್ ಕಂಡರೆ ಮಾತ್ರ ಮೋರೆ ಹುಳ್ಳಗೆ ಮಾಡುತ್ತಾನೆ. “ಮೂಕ ಬಸವಣ್ಣ. ಎಲ್ಲಿ ನೋಯ್ತೈತಿ ಅಂತ ಅದಕ ಹೇಳಾಕ ಬರೂದಿಲ್ಲ, ನನಗ ಕೇಳಾಕ ಬರೂದಿಲ್ಲ.”

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಇಷ್ಟು ದೊಡ್ಡ ಮಿಸ್ತ್ರಿಗೆ ಮೋಟರ್‌ಸೈಕಲ್ ಹೊಡೆಯಲು ಬರುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಒಮ್ಮೆ ಗಿರಾಕಿಯ ಗಾಡಿ ಹತ್ತಿ, ನಿಲ್ಲಿಸಲೆಂದು ಬ್ರೇಕು ಹಿಡಿಯುವ ಗಡಿಬಿಡಿಯಲ್ಲಿ ಎಕ್ಸಲೇಟರ್ ತಿರುವಿ, ಕಬ್ಬಿನ ರವದಿಯ ಬಣವೆಯೊಳಗೆ ಈ ಕಡೆಯಿಂದ ಗಾಡಿಸಮೇತ ಹೊಕ್ಕು, ಆ ಕಡೆಯಿಂದ ಗಾಡಿಯಿಲ್ಲದೆ ಹೊರಬಿದ್ದಿದ್ದ. ಅಂದಿನಿಂದ ಸೈಕಲ್ಲೇ ಗತಿ. ಈ ಗುಟ್ಟು ಹೆಂಡತಿ ಕಮರುನ್ನಿಸಾಳಿಗೆ ಬಿಟ್ಟರೆ ಜೀವಂತ ಇರುವವರಲ್ಲಿ ಯಾರಿಗೂ ಗೊತ್ತಿಲ್ಲ. ಊರವರು, “ಉಸ್ತಾದ ತಾ ಹೊಡಿಯೂದಿಲ್ಲ, ಹಿಂದ ಕುಂತ ಕೇಳ್ತಾನ” ಎಂದು ಅದನ್ನೇ ಒಂದು ದೊಡ್ಡಸ್ತಿಕೆ ಮಾಡಿದ್ದರು. ಇವನೂ ಬೇಡ ಅನ್ನಲಿಲ್ಲ.

ಇಂಥ ಗುಡುಸಾಬನ ಹೆಸರಿಗೆ ಕುತ್ತು ತಂದದ್ದು ಶಿರಗುಪ್ಪಿಯ ರಾವಸಾಹೇಬರ ಗಾಡಿ.

ರಾವಸಾಹೇಬರು ಜೈನ ಒಕ್ಕಲು ಮನೆತನದವರು. ಹನ್ನೆರಡು ಎಕರೆ ಕಬ್ಬು, ಅಂಗಳದಲ್ಲಿ ಕಾರು. ಆದರೂ ತೋಟಕ್ಕೆ ಹೋಗಲು, ಕಾಗವಾಡಕ್ಕೆ ಬರಲು ಅವರಿಗೆ ಮದುವೆಯ ವರ್ಷ ಕೊಂಡ ಎರಡು ಸ್ಟ್ರೋಕಿನ ಹಳೆಯ ಮೋಟರ್‌ಸೈಕಲ್ಲೇ ಬೇಕು. ಅದು ಚಾಲೂ ಆದರೆ ಹಿಂದೆ ಬರುವವನಿಗೆ ಹೊಗೆಯಲ್ಲಿ ದಾರಿ ಕಾಣದು. “ನಮ್ಮ ಮಂಗಲ, ಈ ಗಾಡಿ, ಎರಡೂ ಒಂದ ವರ್ಷ ಮನಿಗಿ ಬಂದಾವ. ಎರಡೂ ಸದ್ದ ಮಾಡ್ತಾವ. ಎರಡನ್ನೂ ಬಿಡಾಕ ಆಗೂದಿಲ್ಲ” ಎಂದು ಹೆಂಡತಿ ಇಲ್ಲದ ಕಡೆ ಹೇಳುತ್ತಾರೆ.

ಆ ಗಾಡಿಗೆ ಮಳೆಗಾಲ ಕಳೆಯುವ ಹೊತ್ತಿಗೆ ಒಂದು ವಿಚಿತ್ರ ರೋಗ ಹತ್ತಿತು. ಕಾಗವಾಡದಿಂದ ಹೊರಟಾಗ ಕುದುರೆ. ಶಿರಗುಪ್ಪಿ ಇನ್ನೇನು ಬಂತು ಅನ್ನುವಾಗ ಎಳೆತ ಕಡಿಮೆಯಾಗಿ, ಎರಡು ಸಲ ಮುಕ್ಕರಿಸಿ, ನಿಂತುಬಿಡುತ್ತಿತ್ತು. ಆಮೇಲೆ ಎಷ್ಟು ಒದ್ದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ರಾವಸಾಹೇಬರು ಟ್ಯಾಂಕಿಗೆ ಕಿವಿ ಹಚ್ಚಿ ಗಾಡಿಯನ್ನು ಅಲುಗಾಡಿಸುವರು; ಒಳಗೆ ಪೆಟ್ರೋಲು ಗುಳುಗುಳು ಅನ್ನುವುದು. ಪೆಟ್ರೋಲು ಇದೆಯೆಂದಮೇಲೆ ಮುಚ್ಚಳ ತೆಗೆದು ನೋಡುವುದು ಯಾಕೆ? ಅವರು ಫೋನು ಹಚ್ಚಿ ಭರಮುವಿನ ಟೆಂಪೋ ಕರೆಸುವರು. ಭರಮು ಗಾಡಿಯನ್ನು ಹಗ್ಗದಿಂದ ಬಿಗಿದು ಕಾಗವಾಡಕ್ಕೆ ತಂದು ಇಳಿಸುವನು. ಗುಡುಸಾಬ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಮೂಸಿ, ಮುಚ್ಚಳ ಬಿಗಿದು, “ಒದೀರಿ” ಎನ್ನುವನು. ಗಾಡಿ ಒಂದೇ ಒದೆತಕ್ಕೆ ಚಾಲೂ! ತವರಿಗೆ ಬಂದ ಮಗಳ ಹಾಗೆ, ಯಾವ ದುಃಖವನ್ನೂ ಬಾಯಿಬಿಡದೆ ಕಿಲಿಕಿಲಿ ನಗುವುದು.

ಮೊದಲ ಸಲ ಗುಡುಸಾಬ ಪ್ಲಗ್ಗು ಬದಲಿಸಿದ. ಮನೆ ಮುಟ್ಟುವ ಮೊದಲೇ ನಿಂತು, ಮರುದಿನ ಗಾಡಿ ಟೆಂಪೋದಲ್ಲಿ ಬಂತು. ಎರಡನೆಯ ಸಲ ಕಾರ್ಬೋರೇಟರ್ ಬಿಚ್ಚಿ, ಅದರ ಸಣ್ಣ ತೂತುಗಳಿಗೆಲ್ಲ ಗಾಳಿ ಹೊಡೆದು, ಹೊಸ ಮದುಮಗನಂತೆ ತೊಳೆದು ಕೂಡಿಸಿದ. ಮತ್ತೆ ಬಂತು. ಮೂರನೆಯ ಸಲ, ಬಿಸಿಯಾದಾಗ ಕರೆಂಟು ಸಾಯುತ್ತಿರಬೇಕೆಂದು ಕಾಯಿಲ್ಲು ಬದಲಿಸಿ, ಸೈಲೆನ್ಸರಿನೊಳಗಿನ ಮಸಿಯನ್ನೆಲ್ಲ ಸುಟ್ಟು ತೆಗೆದ. ಪ್ರತಿ ಸಲವೂ ಶೆಡ್ಡಿನ ಮುಂದೆ ಕಾಲು ತಾಸು ಸುಮ್ಮನೆ ಓಡಿಸಿ ಕೇಳುತ್ತಿದ್ದ. ರಾವಸಾಹೇಬರ ಹಿಂದೆ ಕುಳಿತು ಪೆಟ್ರೋಲ್ ಬಂಕಿನವರೆಗೆ ಒಂದು ಸುತ್ತು ಹಾಕಿ ಬರುತ್ತಿದ್ದ. ಸದ್ದಿನಲ್ಲಿ ಒಂದು ಕೂದಲೆಳೆಯ ದೋಷವಿಲ್ಲ.

ನಾಲ್ಕನೆಯ ಸಲ ಟೆಂಪೋ ಬಂದು ನಿಂತಾಗ ಭರಮು ಕಿಟಕಿಯಿಂದ ತಲೆ ಹಾಕಿ ಮರಾಠಿಯಲ್ಲಿ ಕೂಗಿದ: “ಕಾಯ ಮಾಮಾ, ಪರತ ಆಲೀ!”

ಮತ್ತೆ ಬಂತು ಎಂಬ ಆ ‘ಪರತ’ ಶಬ್ದ ಅಲ್ಲಿಗೇ ನಿಲ್ಲಲಿಲ್ಲ. ಸಂಜೆಯೊಳಗೆ ಚಹಾದಂಗಡಿಯ ತುಂಬ ಗುಡುಸಾಬ ‘ಪರತ ಮಿಸ್ತ್ರಿ’ ಆಗಿದ್ದ.

“ಗುಡುಮಾಮಾ, ಈ ಗಾಡಿಗಿ ಒಂದ ಪಾಸ ತಗಸಿ ಕೊಡ್ರಿ. ನಾಕ ದಿನಕ್ಕೊಮ್ಮಿ ತಪ್ಪಲಾರದ ಟೆಂಪೋದಾಗ ಬರ್ತೈತಿ” ಎಂದ ಜಕ್ಕಪ್ಪ, ಚಹಾ ಸೋಸುತ್ತ.

“ಪಾಪ, ವಯಸ್ಸ ಆತಲ್ಲ. ಕಿವ್ಯಾಗ ಹತ್ತಿ ತುಂಬಿರಬೇಕ” ಎಂದ ಭರಮು.

ಈ ಮಾತು ಗುಡುಸಾಬನ ಎದೆಗೆ ನೆಟ್ಟಿತು. ಯಾಕೆಂದರೆ ಅದೇ ಅಂಜಿಕೆ ಅವನಿಗೂ ಹದಿನೈದು ದಿನದಿಂದ ಒಳಗೊಳಗೇ ಹುಳದ ಹಾಗೆ ಕೊರೆಯುತ್ತಿತ್ತು. ಕಣ್ಣು ಹೋದ ದರ್ಜಿ, ಕಾಲು ಹೋದ ಪೋಸ್ಟಮನ್, ಕಿವಿ ಹೋದ ಗುಡುಸಾಬ! ಒಳಗಿನ ಅಂಜಿಕೆಯನ್ನು ಮುಚ್ಚಲು ಮನುಷ್ಯ ಹೊರಗೆ ದೊಡ್ಡ ಮಾತಾಡುತ್ತಾನೆ. ಇವನೂ ಆಡಿದ.

“ಕೇಳಕೋರಿ ಎಲ್ಲಾರೂ! ಇನ್ನೊಮ್ಮಿ ಈ ಗಾಡಿ ಟೆಂಪೋದಾಗ ನನ್ನ ಬಾಗಲಿಗಿ ಬಂತಂದ್ರ, ಪಾನಾ ಕೆಳಗ ಇಡ್ತೀನಿ. ಶೆಡ್ಡ ಈ ಜಕ್ಕಪ್ಪಗ ಬಿಟ್ಟ ಕೊಡ್ತೀನಿ, ಭಜಿ ಕರಕೊಂಡ ಕುಂಡರಲಿ!”

ಅಂದು ಅಂಗಡಿ ಮುಚ್ಚುವ ಮೊದಲು ಜಕ್ಕಪ್ಪ ಹೆಜ್ಜೆ ಹಾಕಿ ಶೆಡ್ಡಿನ ಉದ್ದಗಲ ಅಳೆದು ನೋಡಿದನಂತೆ.

ಮರುದಿನ ಬೆಳಗಾಗುತ್ತಲೇ ಗುಡುಸಾಬ ಹೆಂಡತಿಗೆ ಹೇಳಿದ, “ನೀ ಒಲಿ ಮುಂದ ಕುಂತ ಮೆಲ್ಲಕ ಏನರೆ ಅನಕೋಂತಿರು. ನಾ ಹಿಂದ ಹಿಂದ ಸರಕೋಂತ ಹೋಗ್ತೀನಿ.”

“ಯಾಕ ಜೀ?” ಕಮರುನ್ನಿಸಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

“ಅದೆಲ್ಲಾ ಕೇಳಬ್ಯಾಡ. ಒಂದ ಪರೀಕ್ಷಾ ಐತಿ.”

ಅವನು ಹಿಂದೆ ಸರಿಯುತ್ತ ಬಾಗಿಲು ದಾಟಿದ. “ಮುಂಜಾನೆದ್ದ ಕೂಡ್ಲೆ ಹುಚ್ಚ ಹಿಡದೈತಿ” ಎಂದಳು ಅವಳು ಮೆಲ್ಲಗೆ.

“ಹುಚ್ಚ ಯಾರಿಗೆ?” ಎಂದ ಇವನು ಅಂಗಳದಿಂದ, ಹಿಗ್ಗಿ. ಬೇವಿನ ಮರದವರೆಗೆ ಸರಿದ.

“ಇವ್ರ ಅವ್ವನೂ ಹಿಂಗ ಇದ್ಲು.”

“ನಮ್ಮ ಅವ್ವನ ಸುದ್ದಿ ಬ್ಯಾಡ!”

ಅವನ ಮುಖ ಅರಳಿತು. ಆದರೆ ಅರಳಿದ್ದು ಹಾಗೆಯೇ ಬಾಡಿತು. ಈ ಎರಡು ಮಾತನ್ನು ಅವಳು ನಲವತ್ತು ವರ್ಷದಿಂದ ದಿನಾ ಬೆಳಿಗ್ಗೆ ಆಡುತ್ತಿದ್ದಾಳೆ. ಈಗ ಕೇಳಿದ್ದು ಕಿವಿಯೋ, ನಲವತ್ತು ವರ್ಷದ ರೂಢಿಯೋ? “ಹೊಸಾದ ಏನರೆ ಅನ್ನು!” ಎಂದು ಕೂಗಿ ರಸ್ತೆಯ ಅಂಚಿನವರೆಗೆ ಹೋಗಿ ನಿಂತ. ಅವಳು ಏನೋ ಅಂದಳು. ಸರಿಯಾಗಿ ಆಗಲೇ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮರಾಠಿ ಹಾಡನ್ನು ಊರಿಗೆಲ್ಲ ಕೇಳುವಂತೆ ಹಚ್ಚಿಕೊಂಡು ಹೋಯಿತು. ಪರೀಕ್ಷೆ ಇತ್ಯರ್ಥವಾಗದೇ ಉಳಿಯಿತು.

ಮೋರೆ ಇಳಿಬಿಟ್ಟು ಒಳಗೆ ಬಂದು ಕುಳಿತವನ ಮುಂದೆ ಕಮರುನ್ನಿಸಾ ರೊಟ್ಟಿ, ಪುಂಡಿಪಲ್ಯೆ ಇಟ್ಟಳು. ಅವಳಿಗೆ ಗಾಡಿಯ ಸುದ್ದಿ ಊರಿಂದ ಮೊದಲೇ ಬಂದಿತ್ತು.

“ಎಮ್ಮಿ ಜಡ್ಡ ಬಿದ್ರ ದನದ ಡಾಕ್ಟರ್ ಎಲ್ಲಿಗಿ ಬರ್ತಾನ್ರಿ?” ಎಂದು ಕೇಳಿದಳು.

“ಕೊಟಗಿಗಿ.”

“ಈ ಗಾಡಿ ಎಲ್ಲಿ ಸಾಯ್ತೈತಿ?”

“ಶಿರಗುಪ್ಪಿ ದಾರ್ಯಾಗ.”

“ನೀವೆಲ್ಲಿ ಕುಂತೀರಿ?”

ಗುಡುಸಾಬ ರೊಟ್ಟಿ ಮುರಿದ.

“ಜಡ್ಡ ತಿಳೀಬೇಕಂದ್ರ ಸಾಯೂ ಮುಂದ ಮಗ್ಗಲದಾಗ ಇರಬೇಕ ಜೀ. ಎದ್ದ ಕುಂತಾಗ ನಾಡಿ ಹಿಡದ್ರ ಏನ ಸಿಗತೈತಿ, ಮಣ್ಣ?”

“ಗಾಡಿ ನನ್ನ ಕಡೆ ಬರಬೇಕ, ನಾ ಗಾಡಿ ಕಡೆ ಹೋಗೂದಿಲ್ಲ. ನಲವತ್ತ ವರ್ಷದ ರಿವಾಜ.”

“ಹಂಗಾರ ಜಕ್ಕಪ್ಪನ ಭಜಿ ಛಲೋ ಇರ್ತಾವ ಬಿಡ್ರಿ” ಎಂದು ಅವಳು ಒಲೆಯ ಕಡೆ ತಿರುಗಿದಳು.

ಅಂದು ಮಧ್ಯಾಹ್ನ ಗುಡುಸಾಬ ರಾವಸಾಹೇಬರ ಹಿಂದೆ ಕುಳಿತು ಶಿರಗುಪ್ಪಿಯ ದಾರಿ ಹಿಡಿದ. ಜೇಬಿನಲ್ಲಿ ಎರಡು ಪಾನಾ, ತಲೆಗೆ ಬಿಗಿದ ಟವೆಲು. ಕಿವಿ ಮಾತ್ರ ಎರಡೂ ಹೊರಗೆ. ದಾರಿಯುದ್ದಕ್ಕೂ ಎರಡೂ ಬದಿಗೆ ಆಳೆತ್ತರದ ಕಬ್ಬು. ರಾವಸಾಹೇಬರು ಏನೋ ಮಾತಾಡಹೋದರೆ, “ಸುಮ್ಮ ಕುಂಡರ್ರಿ, ಇಂಜಿನ್ನ ಮಾತಾಡಾಕತ್ತೈತಿ” ಎಂದು ಬೆನ್ನಿಗೆ ತಿವಿದ.

ಐದಾರು ಕಿಲೋಮೀಟರು ದಾಟಿದಮೇಲೆ ದನಿ ಬದಲಾಯಿತು. ಊಟವಿಲ್ಲದವನ ದನಿಯ ಹಾಗೆ ತೆಳ್ಳಗಾಯಿತು. ಒಂದು ಮುಕ್ಕರಿಕೆ, ಎರಡು ಮುಕ್ಕರಿಕೆ. ಗಾಡಿ ನಿಂತಿತು. ರಾವಸಾಹೇಬರು ಇಪ್ಪತ್ತು ಸಲ ಒದ್ದು ಅಂಗಿ ತೋಯಿಸಿಕೊಂಡರು. ಗುಡುಸಾಬ ಪ್ಲಗ್ಗು ಬಿಚ್ಚಿದ; ಕಿಡಿ ಹಾರುತ್ತಿತ್ತು. ಪ್ಲಗ್ಗಿನ ಬಾಯಿ ಮಾತ್ರ ಒಣಒಣ. ಪೆಟ್ರೋಲು ಟ್ಯಾಂಕಿನಲ್ಲಿದೆ, ಇಂಜಿನ್ನಿಗೆ ಬರುತ್ತಿಲ್ಲ. ಟ್ಯಾಂಕಿನ ಕೆಳಗಿನ ನಳ ತೆಗೆದದ್ದೇ ಇದೆ. ನಾಲ್ಕು ಸಲ ಪೈಪು ಊದಿ ತಾನೇ ನೋಡಿದ್ದಾನೆ. ಮುಂದೆ ಏನೂ ತೋಚಲಿಲ್ಲ.

ರಾವಸಾಹೇಬರು ಮೆಲ್ಲಗೆ ಫೋನು ತೆಗೆದರು. “ಭರಮುಗ ಹಚ್ಚಲೇನು, ಮಾಮಾ?”

“ಹಚ್ಚಬ್ಯಾಡ್ರಿ!” ಗುಡುಸಾಬ ಹೌಹಾರಿದ. “ಟೆಂಪೋ ಬಂತಂದ್ರ ನನ್ನ ಶೆಡ್ಡಿನಾಗ ಭಜಿ ಎಣ್ಣಿ ಕಾಯ್ತೈತ್ರಿ!”

ದಿಕ್ಕು ತಪ್ಪಿದವನ ಕೈ ರೂಢಿಯ ಕೆಲಸಕ್ಕೇ ಹೋಗುತ್ತದೆ. ಅವನು ಟ್ಯಾಂಕಿನ ಮುಚ್ಚಳ ತಿರುವಿದ, ಕಣ್ಣು ಮುಚ್ಚಿದ, ಮೂಗು ಬಗ್ಗಿಸಿದ.

ಸ್ಸ್ಸ್…

ಗುಡುಸಾಬ ಮೂರು ಅಡಿ ಹಿಂದೆ ಹಾರಿದ. “ಹಾವ್ರಿ!”

ರಾವಸಾಹೇಬರು ಧೋತರ ಎತ್ತಿ ಹಿಡಿದು ರಸ್ತೆಯ ನಡುವೆ ನಿಂತರು. “ಎಲ್ಲೈತಿ? ಹೊಡೀಬ್ಯಾಡ, ಹೊಡೀಬ್ಯಾಡ, ತಾನ ಹೋಗ್ತೈತಿ!”

ಹಾವಿರಲಿಲ್ಲ. ಕಬ್ಬಿನ ಗರಿ ಅಲ್ಲಾಡದಷ್ಟು ಮೌನ. “ನೀವು ಏನರೆ ಕೇಳಿದ್ರೇನು?” ಎಂದ ಗುಡುಸಾಬ. ರಾವಸಾಹೇಬರು ಏನೂ ಕೇಳಿರಲಿಲ್ಲ. ಗುಡುಸಾಬ ಮುಚ್ಚಳ ಬಿಗಿದು, “ಒದೀರಿ” ಎಂದ. ಗಾಡಿ ಒಂದೇ ಒದೆತಕ್ಕೆ ಚಾಲೂ.

ಅವನ ತಲೆಯಲ್ಲಿ ಏನೋ ಮಿಂಚಿತು. “ನಿಲ್ಲಬ್ಯಾಡ್ರಿ, ಊರ ದಾಟಿ ಹೋಗ್ರಿ, ಮತ್ತ ಸಾಯೂತನಕ ಹೋಗ್ರಿ” ಎಂದ. ಊರು ದಾಟಿ ಅಷ್ಟೇ ದೂರ ಹೋದರು. ಗಾಡಿ ಹೇಳಿಕೊಟ್ಟ ಪಾಠದಂತೆ ಮತ್ತೆ ನಿಂತಿತು. ಈ ಸಲ ಗುಡುಸಾಬ ಮೂಗನ್ನಲ್ಲ, ಕಿವಿಯನ್ನೇ ಮುಚ್ಚಳಕ್ಕೆ ಹಚ್ಚಿ, ಕಣ್ಣು ತೆರೆದಿಟ್ಟು, ಸಾವಕಾಶ ತಿರುವಿದ. ಸ್ಸ್ಸ್… ಹೊರಗಿನ ಗಾಳಿ ಒಳಗೆ ನುಗ್ಗುವ ಸದ್ದು. ಮಲಗಿದ ಕೂಸು ಉಸಿರು ಎಳೆದುಕೊಂಡಷ್ಟು ಸಣ್ಣದು. ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದ. ನಡುವೆ ಇರಬೇಕಾದ ಸಾಸಿವೆ ಕಾಳಿನಷ್ಟು ತೂತನ್ನು ಯಾರೋ ಬಿಳಿಯ ಅಂಟಿನಿಂದ ನೀಟಾಗಿ ಮೆತ್ತಿ ಮುಚ್ಚಿದ್ದರು.

ಗುಡುಸಾಬ ರಸ್ತೆಯ ಕಲ್ಲಿನ ಮೇಲೆ ಕುಳಿತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಮೈ ಅಲುಗುವಂತೆ ನಗತೊಡಗಿದ. ಅಳುತ್ತಿದ್ದಾನೆಂದು ರಾವಸಾಹೇಬರು ಬೆನ್ನು ಸವರಿದರು.

“ಎಣ್ಣಿ ಡಬ್ಬಿಗಿ ಒಂದ ತೂತ ಹೊಡದ್ರ ಎಣ್ಣಿ ಸುರೀತೈತೇನ್ರಿ?” ಎಂದ ಗುಡುಸಾಬ, ಟವೆಲು ಸರಿಸಿ.

“ಇಲ್ಲ. ಗಾಳಿಗಿ ಇನ್ನೊಂದ ಬೇಕ.”

“ನೋಡ್ರಿ ಮತ್ತ! ಪೆಟ್ರೋಲ ಕೆಳಗ ಇಳದಂಗ ಮ್ಯಾಲಿಂದ ಗಾಳಿ ಬರಬೇಕ. ತೂತ ಮುಚ್ಚೈತಿ, ಗಾಳಿ ಬರೂದಿಲ್ಲ, ಪೆಟ್ರೋಲ ಇಳಿಯೂದಿಲ್ಲ. ಗಾಡಿ ಉಸಿರ ಕಟ್ಟಿ ಸಾಯ್ತೈತಿ. ಶೆಡ್ಡಿಗಿ ಬಂದ ಕೂಡ್ಲೆ ನಾ ಏನ ಮಾಡ್ತೀನಿ? ಕಣ್ಣ ಮುಚ್ಚಿ ಮುಚ್ಚಳಾ ತಗೀತೀನಿ! ನಾನ ಗುಣಾ ಮಾಡೀನಿ, ನಾನ ಮುಚ್ಚಳಾ ಬಿಗದ ರೋಗ ಹಚ್ಚಿ ಕಳಸೀನಿ. ಆ ಸರ್ಕಲದಾಗ ಬಸ್ಸಿನ ಹಾರನ್ನಿನಾಗ, ಜಕ್ಕಪ್ಪನ ಬಾಯಾಗ, ಈ ಸದ್ದ ಯಾರಿಗಿ ಕೇಳಬೇಕ್ರಿ?” ಎನ್ನುತ್ತ ಎದ್ದು ನಿಂತು ಎರಡೂ ಕಿವಿಗಳನ್ನು ಹಿಡಿದು ಎಳೆದುಕೊಂಡ. “ಹಂಗಾರ ಇವು ಸರಿ ಅದಾವ. ಮೂಗಿಗಿ ಬಡೀಬೇಕ.”

“ಅದ ಖರೆ. ಆದ್ರ ತೂತ ಮುಚ್ಚಿದವ್ರ ಯಾರ?” ಎಂದರು ರಾವಸಾಹೇಬರು.

ಉತ್ತರ ಶಿರಗುಪ್ಪಿಯಲ್ಲಿ ಅವರದೇ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿತ್ತು. ಮಂಗಲ ಮುಚ್ಚಳವನ್ನು ನೋಡಿ, ಮುಚ್ಚುಮರೆಯಿಲ್ಲದೆ, “ನಾನ ಮುಚ್ಚೀನಿ” ಎಂದಳು.

“ಯಾಕ ತಂಗಿ?” ಎಂದ ಗುಡುಸಾಬ.

“ಇವ್ರು ಗಾಡಿ ಒಯ್ದ ಬೆಲ್ಲದ ಖೋಲಿ ಮುಂದ ನಿಂದರಸ್ತಾರ್ರಿ ಮಾಮಾ. ಇರಬಿ ಸಾಲಗಟ್ಟಿ ಟ್ಯಾಂಕ ಹತ್ತತಾವ. ಒಂದ ದಿನ ಮುಚ್ಚಳಾ ತಗದ ನೋಡಿದ್ರ ಒಳಗ ಹತ್ತಿಪ್ಪತ್ತ ಸತ್ತ ತೇಲಾಕತ್ತಿದ್ದೂ. ಅದೂ ಚಾತುರ್ಮಾಸದಾಗ! ನಾವು ನೀರ ಸೋಸಿ ಕುಡಿಯೂ ಮಂದಿ. ನಮ್ಮ ಗಾಡಿ ಜೀವಾ ತಿಂದಕೋಂತ ತಿರಗಬೇಕೇನ್ರಿ? ಯಾವನೋ ಪುಣ್ಯಾತ್ಮ ಮುಚ್ಚಳಕ್ಕ ತೂತ ಬಿಟ್ಟಾನ ಅಂತ, ನಳ ಸೋರಿದ್ರ ಹಚ್ಚತಾರಲ್ಲ, ಆ ಅಂಟ ತಂದ ಮೆತ್ತೀನಿ.”

ರಾವಸಾಹೇಬರು ಹಣೆ ಹಣೆ ಬಡಿದುಕೊಂಡರು. “ಒಂದ ಮಾತ ಹೇಳಬಾರದೇನ?”

“ಪುಣ್ಯೇದ ಕೆಲಸಾ ಡಂಗುರ ಹೊಡದ ಮಾಡ್ತಾರೇನ್ರಿ?”

“ತಂಗಿ, ನೀ ಇರಬಿ ಜೀವಾ ಉಳಿಸಿದಿ. ಆದ್ರ ಗಾಡಿ ಜೀವಾ ತಗದಿ” ಎಂದ ಗುಡುಸಾಬ.

“ಗಾಡಿಗೆಲ್ಲಿ ಜೀವಾ ಐತ್ರಿ, ಮಾಮಾ?”

ನಲವತ್ತು ವರ್ಷ ಇಂಜಿನ್ನಿನ ಕೆಮ್ಮು, ಸೀನು, ಬಿಕ್ಕಳಿಕೆ ಕೇಳಿದವನಿಗೆ ಇದು ಸಣ್ಣ ಪ್ರಶ್ನೆಯಲ್ಲ. “ಉಸಿರ ಕಟ್ಟಿದ್ರ ಸಾಯ್ತೈತಿ, ಉಸಿರ ಬಿಟ್ರ ಏಳತೈತಿ. ಇದಕ ಜೀವಾ ಅನ್ನಲಾರದ ಏನ ಅನ್ನಲಿ, ನೀನ ಹೇಳು” ಎಂದ.

ಮಂಗಲಳ ಕೈಯಲ್ಲಿನ ಶೇಂಗಾ ಹಾಗೆಯೇ ಉಳಿಯಿತು. ಮುಖ ಸಣ್ಣದಾಯಿತು. “ಹಂಗಾರ ನಾ ಅದನ್ನ ಎಷ್ಟ ಸಲ…” ಎಂದು ಬೆರಳು ಮಡಚತೊಡಗಿದಳು. “ಒಂದ ಹೊತ್ತ ಉಪವಾಸರೆ ಮಾಡಬೇಕ.”

“ನೀ ಉಪವಾಸ ಆಮ್ಯಾಲ ಮಾಡು, ಮೊದಲ ಚಹಾ ಮಾಡು” ಎಂದರು ರಾವಸಾಹೇಬರು.

ಅಂಟನ್ನು ಕೆರೆದು ತೂತು ಬಿಡಿಸುವುದು ಗುಡುಸಾಬನಿಗೆ ಎರಡು ನಿಮಿಷದ ಕೆಲಸ. ಆದರೆ ಇರುವೆಯ ತಕರಾರು ಹಾಗೆಯೇ ಉಳಿದಿತ್ತು. ತೂತು ಬಿಟ್ಟರೆ ಮಂಗಲ ಸುಮ್ಮನಿರುವುದಿಲ್ಲ. ಮುಚ್ಚಿದರೆ ಗಾಡಿ ಸುಮ್ಮನಿರುವುದಿಲ್ಲ. ಕೊನೆಗೆ ಚಹಾ ಸೋಸಿ ತಂದವಳ ಕೈಯಲ್ಲಿನ ಸೋಸಣಿಗೆಯನ್ನು ನೋಡಿ ಅವನೇ, “ಹಳೇ ಸೋಸಣಿಗಿ ಐತೇನ?” ಎಂದ. ಅದರ ಸಣ್ಣ ತಂತಿಬಲೆಯಲ್ಲಿ ಉಗುರಿನಷ್ಟು ಕತ್ತರಿಸಿ ತೂತಿನ ಮೇಲೆ ಕೂಡಿಸಿದ. ಗಾಳಿ ಹೋಗಬೇಕು, ಇರುವೆ ಹೋಗಬಾರದು. ಮಂಗಲ ಒಂದು ಇರುವೆಯನ್ನು ಕಾಗದದ ಮೇಲೆ ಎತ್ತಿ ತಂದು, ಬಲೆಯ ಮೇಲೆ ಬಿಟ್ಟು, ಅದು ಒಳಗೆ ಹೋಗಲಾರದೆ ಸುತ್ತು ಹಾಕಿ ಇಳಿದು ಹೋದದ್ದನ್ನು ಕಣ್ಣಾರೆ ನೋಡಿದಮೇಲೆಯೇ ಮುಚ್ಚಳವನ್ನು ಟ್ಯಾಂಕಿಗೆ ಹಾಕಲು ಬಿಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಲ್ಕು ಸಲ ಮೋಸ ಹೋದ ಗುಡುಸಾಬನಿಗೆ ಈಗ ನಂಬಿಕೆ ಸಾಲದು. “ಸಾಯೂ ದೂರದ ಎರಡ ಪಟ್ಟ ಓಡಸೂಣ್ರಿ. ಕಾಗವಾಡ ದಾಟಿ ಅಥಣಿ ರಸ್ತ್ಯಾಗ ಹೋಗೂಣು” ಎಂದ.

ರಾವಸಾಹೇಬರು ಬಾನು ನೋಡಿದರು. “ಹೊತ್ತ ಮುಳಗೂದ್ರಾಗ ನನ್ನ ಊಟಾ ಆಗಬೇಕ, ಮಾಮಾ. ದೀಪ ಹಚ್ಚಿದ ಮ್ಯಾಲ ನಾವು ಉಣ್ಣೂದಿಲ್ಲ.”

“ಅಷ್ಟರಾಗ ತಾಟಿನ ಮುಂದ ಇರ್ತೀರಿ.”

ಗಾಡಿ ಓಡಿತು. ಸಾಯುವ ಜಾಗ ಬಂತು, ಹೋಯಿತು. ಕಾಗವಾಡದ ಸರ್ಕಲ್ಲಿನಲ್ಲಿ ಜಕ್ಕಪ್ಪನ ಅಂಗಡಿಯ ಮುಂದೆ ನಿಲ್ಲದೆ ಹಾದರು. ಗುಡುಸಾಬ ಹಿಂದಿನ ಸೀಟಿನಿಂದ ರಾಜನ ಹಾಗೆ ಕೈ ಬೀಸಿದ. ಅಥಣಿಯ ರಸ್ತೆಯಲ್ಲಿ ಐದು ಕಿಲೋಮೀಟರು, ಆರು. ಇಂಜಿನ್ನು ಹಾಡುತ್ತಿತ್ತು. ಏಕಾಏಕಿ ಗುಡುಸಾಬನ ಬಲಗಿವಿ ನಿಮಿರಿತು. ದನಿಯಲ್ಲಿ ಒಂದು ಒಣಕಲು, ತಳ ಹತ್ತಿದ ಪಾತ್ರೆ ಕೆರೆದಂತೆ.

“ರಾವಸಾಹೇಬ್ರ, ಇನ್ನ ನೂರ ಮಾರ ಹೋಗ್ತೈತಿ. ಆಮ್ಯಾಲ ನಿಂದರತೈತಿ.”

“ಏನಂದಿ?”

“ಪೆಟ್ರೋಲ ಮುಗದೈತ್ರಿ.”

ನೂರು ಮಾರಿಗೆ ಒಂದೆರಡು ಮಾರು ಹೆಚ್ಚೇ ಹೋಗಿ ಗಾಡಿ ನಿಂತಿತು. ರಾವಸಾಹೇಬರು ಮುಚ್ಚಳ ತೆಗೆದು ಇಣುಕಿದರು. ಟ್ಯಾಂಕು ಒರೆಸಿಟ್ಟ ತಾಟಿನಂತೆ ಒಣಗಿತ್ತು. ಇಡೀ ಮಧ್ಯಾಹ್ನ ಗಾಳಿಯ ಗದ್ದಲದಲ್ಲಿ ಪೆಟ್ರೋಲಿನ ನೆನಪು ಇಬ್ಬರಿಗೂ ಆಗಿರಲಿಲ್ಲ. ರಾವಸಾಹೇಬರು ತಲೆ ಮೇಲೆ ಕೈ ಹೊತ್ತರು. ಗುಡುಸಾಬ ಮಾತ್ರ ಲಗ್ನದ ಮನೆಯಲ್ಲಿ ನಿಂತಂತೆ ನಗುತ್ತಿದ್ದ. “ಕೇಳಿದ್ರೇನು? ನೂರ ಮಾರ ಅಂದಿದ್ದೆ!”

“ನನ್ನ ಊಟ ಹೋತಲ್ಲೋ ಮಾರಾಯಾ!”

ಪುಣ್ಯಕ್ಕೆ ಆಗ ಅವರ ದಾಯಾದಿ ವೃಷಭ ಅಥಣಿಯ ಕಡೆಯಿಂದ ಬೈಕಿನಲ್ಲಿ ಬಂದ. ರಾವಸಾಹೇಬರು ಅವನ ಹಿಂದೆ ಏರಿ, “ಗಾಡಿ ನಿನ್ನ ಹಂತ್ಯಾಕ ಇರಲಿ, ಮಾಮಾ. ನಾಳಿ ಮುಂಜಾನೆ ಬರ್ತೀನಿ” ಎನ್ನುತ್ತ ಇಳಿಯುವ ಸೂರ್ಯನೊಂದಿಗೆ ಪೈಪೋಟಿಗೆ ಬಿದ್ದವರಂತೆ ಹೋಗಿಬಿಟ್ಟರು.

ಗುಡುಸಾಬ ಗಾಡಿಯ ಹ್ಯಾಂಡಲ್ ಹಿಡಿದು ಕಾಗವಾಡದ ಕಡೆಗೆ ನೂಕತೊಡಗಿದ. ಒಂದು ಕಿಲೋಮೀಟರು ನೂಕಿರಬೇಕು, ಹಿಂದೆ ಹಾರನ್ನು ಕೇಳಿಸಿತು. ಊರಿಗೆಲ್ಲ ಒಂದೇ ಟೆಂಪೋ ಇದೆಯೇನೋ ಎಂಬಂತೆ ಅದೇ ಭರಮು.

“ಪರತ ಮಿಸ್ತ್ರಿ! ತರ್ರಿ, ಏರಸೂಣು.”

“ಟೆಂಪೋ ಹಂತ್ಯಾಕ ತಂದ್ರ ಕಾಲ ಮುರೀತೀನಿ. ಗಾಡಿ ಸರಿ ಐತಿ. ಪೆಟ್ರೋಲ ಮುಗದೈತಿ, ಅಷ್ಟ.”

“ಅಷ್ಟ ಆದ್ರ ತಗೋರಿ” ಎಂದು ಭರಮು ಸೀಟಿನ ಕೆಳಗಿಂದ ಒಂದು ಬಾಟಲಿ ಪೆಟ್ರೋಲು ತೆಗೆದ. “ಹಾಕ್ಕೊಂಡ ಹೊಡಕೊಂಡ ನಡೀರಿ.”

ಗುಡುಸಾಬನಿಗೆ ಬೆವರು ಬಂತು. ನೂಕಿದ್ದಕ್ಕಲ್ಲ. “ಬ್ಯಾಡ.”

“ಯಾಕ?”

“ನೂಕಿದ್ರ ಚಕ್ರದ ಬೇರಿಂಗಿನ ಸದ್ದ ಕೇಳಸತೈತಿ. ಅದನ್ನೂ ತಪಾಸ ಮಾಡಬೇಕಾಗೇತಿ.”

“ಐದ ಕಿಲೋಮೀಟರ ತಪಾಸೇನ್ರಿ?”

“ಬೇರಿಂಗ ಎರಡ ಅದಾವ.”

ಭರಮು ಗೊತ್ತಾಗದೆ ತಲೆ ಕೆರೆದುಕೊಂಡು, ಈ ತಮಾಷೆ ಬಿಟ್ಟು ಹೋಗಲು ಮನಸ್ಸಾಗದೆ, ಎತ್ತಿನ ಹಿಂದೆ ಗಳೆ ಹೊಡೆಯುವವನಂತೆ ಟೆಂಪೋವನ್ನು ನಿಧಾನ ಹಿಂದೆ ಬಿಟ್ಟುಕೊಂಡು ಬಂದ. ಹೀಗೆ ಗುಡುಸಾಬನ ಮೆರವಣಿಗೆ, ಹಿಂದಿನಿಂದ ಹಾರನ್ನಿನ ವಾದ್ಯಸಮೇತ, ದೀಪ ಹಚ್ಚಿ ಸುಮಾರು ಹೊತ್ತಾದ ಮೇಲೆ ಸರ್ಕಲ್ಲಿಗೆ ಬಂದು ಮುಟ್ಟಿತು. ಚಹಾದಂಗಡಿಯ ಬೆಂಚು ಖಾಲಿಯಾಗಿ ಎಲ್ಲರೂ ಎದ್ದು ನಿಂತರು. ಜಕ್ಕಪ್ಪನ ಕಣ್ಣು ಮೊದಲು ಹೋದದ್ದು ಶೆಡ್ಡಿನ ತಗಡಿನ ಕಡೆಗೆ.

“ಟೆಂಪೋದಾಗ ಬಂದಿಲ್ಲ. ಎಲ್ಲಾರೂ ನೋಡ್ರಿ, ಟೆಂಪೋ ಹಿಂದ ಐತಿ, ಗಾಡಿ ಮುಂದ ಐತಿ” ಎಂದ ಗುಡುಸಾಬ, ಏದುಸಿರು ಬಿಡುತ್ತ. “ಪೆಟ್ರೋಲ ಮುಗದೈತಿ.”

ಯಾರೂ ನಂಬಲಿಲ್ಲ. ಅವನ ಬಾಯಿಂದ ಇಷ್ಟು ಸಣ್ಣ ಕಾರಣ ಬಂದದ್ದೇ ಅವರಿಗೆ ಅನುಮಾನ. ಭರಮು ಬಾಟಲಿಯನ್ನು ಟ್ಯಾಂಕಿಗೆ ಸುರಿದು, ಎಲ್ಲರ ಮುಂದೆ ಒಂದು ಸಲ ಒದ್ದ. ಇಂಜಿನ್ನು ಭರ್ರೆಂದು ಎದ್ದಿತು. ಸರ್ಕಲ್ಲಿನ ತುಂಬ ನೀಲಿ ಹೊಗೆ. ಭರಮು ಅದನ್ನು ಏರಿ ಮಿರಜದ ರಸ್ತೆಯಲ್ಲಿ ದೂರ ಹೋಗಿ, ಸುಮಾರು ಹೊತ್ತಿನ ಮೇಲೆ ತಿರುಗಿ ಬಂದು, ಇಂಜಿನ್ನು ಬಂದ್ ಮಾಡದೆ ಇಳಿದ. ಅವನ ಬಾಯಲ್ಲಿ ‘ಪರತ’ ಬರಲಿಲ್ಲ.

ಇಂಜಿನ್ನು ಗುಡುಗುತ್ತಿತ್ತು, ಅಥಣಿಯ ಬಸ್ಸು ಹಾರನ್ನು ಹೊಡೆಯುತ್ತ ತಿರುಗುತ್ತಿತ್ತು, ಮಂದಿ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಅಂಗಡಿಯ ಒಳಗೆ, ಸ್ಟೋವಿನ ಮುಂದೆ ಬಗ್ಗಿ, ಜಕ್ಕಪ್ಪ ತನ್ನಷ್ಟಕ್ಕೇ ಗೊಣಗಿದ: “ಕಿವಿ ಅಷ್ಟುದ್ದ ಅದಾವ. ತಲ್ಯಾಗ ಒಂದ ಪಾವ ಪೆಟ್ರೋಲಿನ ನೆನಪಿಲ್ಲ, ಕತ್ತಿಗಿ.”

ಗೋಡೆಗೆ ಮುಖ ಮಾಡಿ ನಿಂತಿದ್ದ ಗುಡುಸಾಬ, ಕತ್ತೆಯೆಂಬ ಆ ಬೈಗುಳಕ್ಕೆ ಗಕ್ಕನೆ ತಿರುಗಿದ. ಇಷ್ಟು ವರ್ಷದಲ್ಲಿ ಯಾರ ಹೊಗಳಿಕೆಗೂ ಅವನ ಮುಖ ಹಾಗೆ ಅರಳಿರಲಿಲ್ಲ. ಮಂದಿಯನ್ನು ಸರಿಸಿಕೊಂಡು ಅಂಗಡಿಯ ಬಾಗಿಲಿಗೆ ಬಂದು, ಎರಡೂ ಕೈ ಚೌಕಟ್ಟಿಗೆ ಹಚ್ಚಿ ನಿಂತ.

“ಜಕ್ಕಪ್ಪಾ,” ಎಂದ, ಬೇಡಿಕೊಳ್ಳುವವನ ಹಾಗೆ, “ಆ ಕತ್ತಿ ಅಂದೆಲ್ಲ, ಅದನ್ನ ಇನ್ನೂ ಸ್ವಲ್ಪ ಮೆಲ್ಲಕ ಅನ್ನು ನೋಡೂಣು.”